ಕಾರ್ ಕಂಪನಿಗಳು ಕೈಬಿಟ್ಟರೆ ನಾಸ್ಕಾರ್ ಉಳಿಯುತ್ತದೆಯೇ?

ಮೋಟಾರ್ ರೇಸಿಂಗ್ ಬಗ್ಗೆ ಬರೆಯುತ್ತಿರುವ ನನ್ನನ್ನು ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ಅಮೆರಿಕದ ಸ್ಟಾಕ್ ಕಾರ್ ರೇಸಿಂಗ್ (ರಸ್ತೆಯ ಕಾರುಗಳನ್ನು ಹೋಲುವ ಕಾರುಗಳ ರೇಸು), ಅಂದರೆ ನಾಸ್ಕಾರ್, ಷೆವರ್ಲೆ, ಫೋರ್ಡ್, ಟೊಯೋಟಾದಂಥ ಕಂಪನಿಗಳ ಬೆಂಬಲದಿಂದಲೇ ನಡೆಯುತ್ತಿರುವಾಗ, ಆ ಕಂಪನಿಗಳು ತಂಡಗಳಿಗೆ ಕೊಡುವ ಹಣವನ್ನು ಕಡಿತಗೊಳಿಸಿದರೆ ಆಟವೇ ನಿಂತುಹೋಗುವುದಿಲ್ಲವೇ ಎಂಬುದು ಆ ಪ್ರಶ್ನೆ.

ಆಟ ನಿಲ್ಲುವುದಿಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ, ಏಕೆಂದರೆ 1948ರಲ್ಲಿ ಹುಟ್ಟಿದ ಈ ಸಂಸ್ಥೆ ಅಂಥ ಹೊಡೆತವನ್ನು ಒಂದಲ್ಲ, ಹಲವು ಸಲ ತಿಂದು ಬದುಕಿದೆ. ಆದರೆ ಈ ಉತ್ತರವನ್ನು ಇಷ್ಟಕ್ಕೇ ನಿಲ್ಲಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಕಂಪನಿಗಳು ಹಿಂದೆ ಸರಿದ ಸಂದರ್ಭಗಳನ್ನು ಒಂದೊಂದಾಗಿ ನೋಡಿದರೆ, ಅವು ಟ್ರ್ಯಾಕಿನಲ್ಲಿ ಸೋತು ಹೋದದ್ದಲ್ಲ, ಸೋಲು ಗೆಲುವಿಗೆ ಸಂಬಂಧವೇ ಇಲ್ಲದ ಕಾರಣಗಳಿಗಾಗಿ ಹೋದದ್ದು ಎಂಬುದು ಸ್ಪಷ್ಟವಾಗುತ್ತದೆ. ಆ ನಿರ್ಧಾರದ ಬೆಲೆ ತೆತ್ತವರು ಬಹುಮಟ್ಟಿಗೆ ಸಣ್ಣ ತಂಡಗಳ ಮಾಲೀಕರು ಮತ್ತು ಗ್ಯಾರೇಜಿನ ಕೆಲಸಗಾರರು.

ಮೊದಲು ಈ ನೆರವು ಎಂದರೇನು ಎಂಬುದನ್ನು ತಿಳಿಯಬೇಕು. ಅದು ಬರೀ ಚೆಕ್ಕಿನ ರೂಪದಲ್ಲಿ ಬರುವುದಿಲ್ಲ. ಎಂಜಿನ್ನಿನ ಬ್ಲಾಕು ಮತ್ತು ಸಿಲಿಂಡರ್ ಹೆಡ್ಡುಗಳು, ವಿಂಡ್ ಟನೆಲ್‌ನಲ್ಲಿ ಕಾರನ್ನು ಪರೀಕ್ಷಿಸುವ ಅವಕಾಶ, ಸಿಮ್ಯುಲೇಟರ್, ಕಂಪನಿಯ ಸಂಬಳದಲ್ಲಿದ್ದುಕೊಂಡು ತಂಡಕ್ಕಾಗಿ ಕೆಲಸ ಮಾಡುವ ಎಂಜಿನಿಯರುಗಳು, ಇವೆಲ್ಲವೂ ಅದರೊಳಗೆ ಸೇರುತ್ತವೆ. ಕಾರಿನ ಮೈಮೇಲೆ ದೊಡ್ಡ ಅಕ್ಷರಗಳಲ್ಲಿ ಕಾಣುವ ಪ್ರಾಯೋಜಕರ ಹಣ ಬೇರೆ, ಇದು ಬೇರೆ. ಪ್ರಾಯೋಜಕ ಹೋದರೆ ಇನ್ನೊಬ್ಬನನ್ನು ಹುಡುಕಬಹುದು, ಆದರೆ ಎಂಜಿನ್ ಕೊಡುವವನು ಹೋದರೆ ಆ ಜಾಗವನ್ನು ತುಂಬುವುದು ಅಷ್ಟು ಸುಲಭವಲ್ಲ.

ಫ್ರಾನ್ಸಿನ ಲೆ ಮಾನ್ಸ್ ರೇಸಿನಲ್ಲಿ ಕಾರು ಪ್ರೇಕ್ಷಕರತ್ತ ನುಗ್ಗಿ ಅನೇಕರು ಸತ್ತ 1955ರ ದುರಂತದ ನೆನಪು ಇನ್ನೂ ಹಸಿಯಾಗಿದ್ದಾಗಲೇ, 1957ರ ಮೇ ತಿಂಗಳಲ್ಲಿ ವರ್ಜೀನಿಯಾದ ಮಾರ್ಟಿನ್ಸ್‌ವಿಲ್‌ನಲ್ಲಿ ಕಾರೊಂದು ಪ್ರೇಕ್ಷಕರತ್ತ ನುಗ್ಗಿ, ಬಾಲಕನೊಬ್ಬ ಸೇರಿದಂತೆ ಹಲವರು ಗಾಯಗೊಂಡರು. ಮರುತಿಂಗಳೇ ಅಮೆರಿಕದ ಕಾರು ತಯಾರಕರ ಸಂಘವು ತನ್ನ ಸದಸ್ಯ ಕಂಪನಿಗಳು ರೇಸಿಂಗಿನಿಂದ ದೂರವಿರಬೇಕೆಂದು ನಿರ್ಣಯಿಸಿತು. ಫೋರ್ಡ್ ತನ್ನ ತಂಡವನ್ನು ಮುಚ್ಚಿದಾಗ ಅದರ ಸಾಮಗ್ರಿಯನ್ನು ಜಾನ್ ಹೋಲ್ಮನ್ ಮತ್ತು ರಾಲ್ಫ್ ಮೂಡಿ ಕೊಂಡುಕೊಂಡರು. ಮುಂದೆ ಅಮೆರಿಕದ ರೇಸಿಂಗಿನಲ್ಲೇ ಹೆಸರಾದ ಹೋಲ್ಮನ್-ಮೂಡಿ ಸಂಸ್ಥೆ ಹುಟ್ಟಿದ್ದು ಹೀಗೆ. ಜನರಲ್ ಮೋಟಾರ್ಸ್‌ನ ಪಾಂಟಿಯಾಕ್ ವಿಭಾಗವಾದರೋ ನಿರ್ಣಯಕ್ಕೆ ತಲೆದೂಗುತ್ತಲೇ ಹಿಂಬಾಗಿಲಿನಿಂದ ಬಿಡಿಭಾಗಗಳನ್ನು ಸಾಗಿಸುತ್ತಿತ್ತು. 1962ರಲ್ಲಿ ಫೋರ್ಡ್ ಕಂಪನಿಯ ಮುಖ್ಯಸ್ಥ ಎರಡನೆಯ ಹೆನ್ರಿ ಫೋರ್ಡ್ ಆ ನಿರ್ಣಯವನ್ನು ಬಹಿರಂಗವಾಗಿಯೇ ತಿರಸ್ಕರಿಸಿ ರೇಸಿಂಗಿಗೆ ಮರಳಿದರು.

ನನ್ನ ಮಾತಿಗೆ ಅತ್ಯಂತ ಬಲವಾದ ಸಾಕ್ಷ್ಯ ಸಿಗುವುದು 1963ರಲ್ಲಿ. ಜನರಲ್ ಮೋಟಾರ್ಸ್ ಆಗ ಅಮೆರಿಕದ ಕಾರು ಮಾರಾಟದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲನ್ನು ಹಿಡಿದಿತ್ತು. ಇನ್ನೂ ಬೆಳೆದರೆ ಏಕಸ್ವಾಮ್ಯ ವಿರೋಧಿ ಕಾನೂನಿನಡಿ ಸರಕಾರ ಕಂಪನಿಯನ್ನೇ ಒಡೆದೀತು ಎಂಬ ಭಯ ಅದರ ಮುಖ್ಯಸ್ಥರಿಗಿತ್ತು. ಹೀಗಾಗಿ ಆ ವರ್ಷದ ಜನವರಿಯಲ್ಲಿ ಷೆವರ್ಲೆ, ಪಾಂಟಿಯಾಕ್ ಸೇರಿದಂತೆ ಎಲ್ಲ ವಿಭಾಗಗಳೂ ರೇಸಿಂಗಿನಿಂದ ಹೊರಬರಬೇಕೆಂಬ ಆದೇಶ ಹೊರಟಿತು. ವಿಷಾದದ ಸಂಗತಿಯೆಂದರೆ, ಷೆವರ್ಲೆ ಅದೇ ಹೊತ್ತಿಗೆ ‘ಮಿಸ್ಟರಿ ಮೋಟಾರ್’ ಎಂದು ಹೆಸರಾದ 427 ಘನ ಇಂಚಿನ ಹೊಸ ಎಂಜಿನ್ನನ್ನು ಸಿದ್ಧಪಡಿಸಿತ್ತು. ಆದೇಶ ಬಂದ ಮೇಲೂ ಫೆಬ್ರವರಿಯಲ್ಲಿ ಡೇಟೋನಾದ ಎರಡೂ ಅರ್ಹತಾ ರೇಸುಗಳನ್ನು ಆ ಎಂಜಿನ್ನಿನ ಕಾರುಗಳೇ ಗೆದ್ದವು. ಒಂದನ್ನು ಜೂನಿಯರ್ ಜಾನ್ಸನ್, ಇನ್ನೊಂದನ್ನು ಜಾನಿ ರದರ್‌ಫೋರ್ಡ್. ತಂಡದ ಮಾಲೀಕ ರೇ ಫಾಕ್ಸ್ ಅವರ ಷೆವರ್ಲೆಯಲ್ಲಿ ಜಾನ್ಸನ್ ಆ ವರ್ಷ 7 ರೇಸುಗಳನ್ನು ಗೆದ್ದರು. ಆದರೆ ಎಂಜಿನ್ ಒಡೆದಾಗಲೆಲ್ಲ ಬದಲಿ ಭಾಗಕ್ಕಾಗಿ ಪರದಾಡಬೇಕಾಗುತ್ತಿತ್ತು. ಅತಿ ವೇಗದ ಕಾರು ಕೈಯಲ್ಲಿದ್ದೂ ಅದನ್ನು ಕೊನೆಯ ಸುತ್ತಿನವರೆಗೆ ಉಳಿಸಿಕೊಳ್ಳಲಾಗದ ಆ ಸಂಕಟ ನನ್ನನ್ನು ಇಂದಿಗೂ ಕಾಡುತ್ತದೆ. ಮರುವರ್ಷ ಜಾನ್ಸನ್ ಮೊದಲು ಡಾಜ್, ಆಮೇಲೆ ಫೋರ್ಡ್ ಕಾರನ್ನು ಓಡಿಸಿದರು.

ಅದೇ ವರ್ಷದ ಇನ್ನೊಂದು ಚಿತ್ರವನ್ನು ನಾನು ಈ ಪ್ರಶ್ನೆ ಕೇಳುವ ಎಲ್ಲರಿಗೂ ಹೇಳುತ್ತೇನೆ. 1962ರ ಚಾಂಪಿಯನ್ ಜೋ ವೆದರ್ಲಿ ತಂಡದ ಮಾಲೀಕ ಬಡ್ ಮೂರ್ ಅವರ ಪಾಂಟಿಯಾಕ್ ಓಡಿಸುತ್ತಿದ್ದರು. ಕಂಪನಿಯ ನೆರವು ನಿಂತ ಮೇಲೆ ಎಲ್ಲ ರೇಸುಗಳಿಗೂ ಕಾರನ್ನು ಕೊಂಡೊಯ್ಯುವ ಶಕ್ತಿ ಮೂರ್ ಅವರಿಗಿರಲಿಲ್ಲ. ಆದರೂ ಅಂಕಗಳನ್ನು ಬಿಟ್ಟುಕೊಡಲು ಮನಸ್ಸಿಲ್ಲದ ವೆದರ್ಲಿ, ಮೂರ್ ಅವರ ಕಾರು ಬಾರದ ಊರುಗಳಲ್ಲಿ ಸಣ್ಣ ಮಾಲೀಕರನ್ನು ಕೇಳಿಕೊಂಡು, ಅವರು ಕೊಟ್ಟ ಕಾರನ್ನೇ ಓಡಿಸಿದರು. ಹೀಗೆ ಒಂದೇ ಋತುವಿನಲ್ಲಿ ಒಟ್ಟು 9 ಮಾಲೀಕರ ಕಾರುಗಳಲ್ಲಿ ಕುಳಿತು, ಕೇವಲ 3 ರೇಸುಗಳನ್ನು ಗೆದ್ದು, ತಮಗಿಂತ ಎಷ್ಟೋ ಹೆಚ್ಚು ರೇಸುಗಳನ್ನು ಗೆದ್ದಿದ್ದ ರಿಚರ್ಡ್ ಪೆಟಿಯನ್ನು ಹಿಂದಿಕ್ಕಿ ಅವರು ಮತ್ತೆ ಚಾಂಪಿಯನ್ ಆದರು. ಹಿಂದಿನ ವರ್ಷದ ವಿಜೇತನೇ ಎರವಲು ಕಾರಿಗಾಗಿ ಅಲೆಯಬೇಕಾಯಿತು ಎಂದರೆ, ಹೆಸರಿಲ್ಲದ ಚಾಲಕರ ಪಾಡು ಏನಾಗಿದ್ದೀತು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಎಲ್ಲಕ್ಕಿಂತ ದೊಡ್ಡ ಹಿಂತೆಗೆತ 1970ರ ಕೊನೆಯದು. ಹೊಗೆ ನಿಯಂತ್ರಣ ಮತ್ತು ಸುರಕ್ಷತೆಯ ಹೊಸ ಕಾನೂನುಗಳಿಗಾಗಿ ಕಂಪನಿಗಳು ಅಪಾರ ಹಣ ವ್ಯಯಿಸಬೇಕಾಗಿ ಬಂದಾಗ, ಫೋರ್ಡ್ ರೇಸಿಂಗಿನಿಂದ ಹೊರನಡೆಯಿತು. ಕ್ರೈಸ್ಲರ್ ತನ್ನ ನೆರವನ್ನು ಪೆಟಿ ಕುಟುಂಬದ ತಂಡದ ಎರಡು ಕಾರುಗಳಿಗಷ್ಟೇ ಇಳಿಸಿತು. 1971ರಲ್ಲಿ ಪೆಟಿ 21 ರೇಸುಗಳನ್ನು ಗೆದ್ದು ಚಾಂಪಿಯನ್ ಆದರು, ಆದರೂ ಕ್ರೈಸ್ಲರ್‌ನ ಹಣ ನಿಂತಿತು. ಗೆದ್ದರೆ ನೆರವು ಉಳಿಯುತ್ತದೆ ಎಂದು ನಂಬುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. 1972ಕ್ಕೆ ಪೆಟಿ, ಎಂಜಿನ್ ಎಣ್ಣೆಗೆ ಬೆರೆಸುವ ದ್ರವಗಳನ್ನು ಮಾರುವ ಎಸ್‌ಟಿಪಿ ಕಂಪನಿಯೊಂದಿಗೆ ಮಾತುಕತೆಗೆ ಕುಳಿತರು. ಕಾರು ಪೂರ್ತಿ ತಮ್ಮ ಕೆಂಪು ಬಣ್ಣದಲ್ಲೇ ಇರಬೇಕೆಂದು ಆ ಕಂಪನಿಯ ಮುಖ್ಯಸ್ಥ ಆಂಡಿ ಗ್ರಾನಟೆಲಿ ಪಟ್ಟು ಹಿಡಿದರು, ತಮ್ಮ ಮನೆತನದ ಗುರುತಾದ ನೀಲಿಯನ್ನು ಬಿಟ್ಟುಕೊಡಲು ಪೆಟಿ ಒಪ್ಪಲಿಲ್ಲ. ಕೊನೆಗೆ ಕೆಂಪು ಮತ್ತು ನೀಲಿ ಎರಡೂ ಇರುವ ಕಾರು ಟ್ರ್ಯಾಕಿಗೆ ಇಳಿಯಿತು. ಕಾರು ಕಂಪನಿಯ ಹಣ ಹೋಗಿ ಹೊರಗಿನವರ ಹಣ ಬಂದದ್ದು ಆ ಬಣ್ಣದಲ್ಲೇ ಎಲ್ಲರಿಗೂ ಕಾಣುವಂತಿತ್ತು.

ನಾಸ್ಕಾರ್‌ನ ಇಡೀ ಮುಖ್ಯ ಸರಣಿಯನ್ನು ಎತ್ತಿ ನಿಲ್ಲಿಸಿದ್ದು ತಂಬಾಕು. 1971ರ ಜನವರಿಯಿಂದ ಅಮೆರಿಕದ ಟಿವಿ ಮತ್ತು ರೇಡಿಯೊಗಳಲ್ಲಿ ಸಿಗರೇಟು ಜಾಹೀರಾತು ನಿಷೇಧವಾದಾಗ ಆರ್.ಜೆ. ರೆನಾಲ್ಡ್ಸ್ ಕಂಪನಿಯ ಕೈಯಲ್ಲಿ ಖರ್ಚು ಮಾಡಲು ಜಾಗವಿಲ್ಲದ ಹಣ ಉಳಿದಿತ್ತು. ತಮ್ಮ ಒಂದು ಕಾರಿಗೆ ಪ್ರಾಯೋಜಕರನ್ನು ಹುಡುಕಿಕೊಂಡು ಹೋದ ಜೂನಿಯರ್ ಜಾನ್ಸನ್, ಆ ಕಂಪನಿಯ ಹಣದ ಪ್ರಮಾಣವನ್ನು ಕಂಡು ನಾಸ್ಕಾರ್ ಜೊತೆಗೇ ಮಾತಾಡುವಂತೆ ಸೂಚಿಸಿದರು. ಹೀಗೆ ಆ ಕಂಪನಿಯ ಸಿಗರೇಟಿನ ಹೆಸರಿನಲ್ಲಿ ಶುರುವಾದ ವಿನ್‌ಸ್ಟನ್ ಕಪ್ 2003ರವರೆಗೆ ನಡೆಯಿತು. ಆದರೆ ಹೊಸ ಧಣಿಗೆ ಹೊಸ ಬೇಡಿಕೆಗಳಿದ್ದವು: 1971ರಲ್ಲಿ 48 ಇದ್ದ ರೇಸುಗಳು 1972ರಲ್ಲಿ 31ಕ್ಕೆ ಇಳಿದವು, 250 ಮೈಲಿಗಿಂತ ಚಿಕ್ಕ ರೇಸುಗಳು ಪಟ್ಟಿಯಿಂದ ಮಾಯವಾದವು, ದಕ್ಷಿಣದ ಎಷ್ಟೋ ಸಣ್ಣ ಊರುಗಳ ಟ್ರ್ಯಾಕುಗಳು ದೊಡ್ಡ ಸರಣಿಯನ್ನು ಕಳೆದುಕೊಂಡವು. ಕ್ರೀಡೆ ಉಳಿಯಿತು ಎನ್ನುವವರು ಆ ಊರುಗಳ ಲೆಕ್ಕವನ್ನೂ ಇಡಬೇಕು.

2009ರ ಕಥೆ ಹಲವರಿಗೆ ನೆನಪಿರಬಹುದು. ಏಪ್ರಿಲ್ ಕೊನೆಯಲ್ಲಿ ಕ್ರೈಸ್ಲರ್, ಜೂನ್ 1ರಂದು ಜನರಲ್ ಮೋಟಾರ್ಸ್ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿದವು. ಜನರ ತೆರಿಗೆಯ ಹಣದಿಂದ ಉಸಿರಾಡುತ್ತಿರುವ ಕಂಪನಿ ರೇಸಿಂಗಿಗೆ ಹಣ ಸುರಿಯುವುದು ಸರಿಯೇ ಎಂಬ ಪ್ರಶ್ನೆ ಏಳುವುದು ಸಹಜವಾಗಿತ್ತು ಮತ್ತು ನ್ಯಾಯವಾಗಿಯೂ ಇತ್ತು. ಜನರಲ್ ಮೋಟಾರ್ಸ್ ಮುಖ್ಯ ಸರಣಿಯಲ್ಲಿ ಉಳಿದು, ಕೆಳಗಿನ ಎರಡು ಸರಣಿಗಳ ತಂಡಗಳಿಗೆ ಕೊಡುತ್ತಿದ್ದ ಹಣವನ್ನು ನಿಲ್ಲಿಸಿತು. ಎಳೆಯ ಚಾಲಕರೂ ಮೆಕ್ಯಾನಿಕ್‌ಗಳೂ ಪಳಗುವುದು ಆ ಎರಡು ಸರಣಿಗಳಲ್ಲೇ. ಆ ಆರ್ಥಿಕ ಕುಸಿತದಲ್ಲಿ ನಾರ್ತ್ ಕೆರೊಲಿನಾದ ಷಾರ್ಲಟ್ ಸುತ್ತಮುತ್ತಲಿನ ತಂಡಗಳಲ್ಲಿ ನೂರಾರು ಮಂದಿ ಕೆಲಸ ಕಳೆದುಕೊಂಡರು. ಕೆಲವು ಬಡ ತಂಡಗಳು ರೇಸಿನಲ್ಲಿ ನಾಲ್ಕಾರು ಸುತ್ತು ಹಾಕಿ, ಟೈರಿನ ಖರ್ಚು ಉಳಿಸಲು ಕಾರನ್ನು ಗ್ಯಾರೇಜಿಗೆ ತಂದು ನಿಲ್ಲಿಸಿ, ಕೊನೆಯ ಸ್ಥಾನದ ಬಹುಮಾನದ ಹಣದಿಂದ ದಿನ ದೂಡಿದವು.

ಕ್ರೈಸ್ಲರ್‌ನ ಡಾಜ್ ಹೊರನಡೆದ ರೀತಿ ಬೇರೆ. 2012ರ ಮಾರ್ಚ್‌ನಲ್ಲಿ ಪೆನ್‌ಸ್ಕಿ ತಂಡ ಮುಂದಿನ ವರ್ಷ ಫೋರ್ಡ್‌ಗೆ ಹೋಗುವುದಾಗಿ ಹೇಳಿತು, ಆಗಸ್ಟ್‌ನಲ್ಲಿ ಡಾಜ್ ತಾನು ಸರಣಿಯನ್ನೇ ತೊರೆಯುವುದಾಗಿ ಪ್ರಕಟಿಸಿತು, ನವೆಂಬರ್‌ನಲ್ಲಿ ಬ್ರಾಡ್ ಕೆಸೆಲೋಸ್ಕಿ ಅದೇ ಡಾಜ್ ಕಾರಿನಲ್ಲಿ ಚಾಂಪಿಯನ್ ಆದರು. 1975ರ ನಂತರ ಡಾಜ್‌ಗೆ ದೊರೆತ ಮೊದಲ ಪ್ರಶಸ್ತಿ ಅದು. ಇಲ್ಲಿ ಕಂಪನಿಯೇ ತಂಡವನ್ನು ಬಿಟ್ಟಿತು ಎನ್ನುವಂತಿಲ್ಲ, ತಂಡವೂ ಕಂಪನಿಯನ್ನು ಬಿಟ್ಟಿತು. ಇದೇ ಕಂಪನಿಯ ಬಳಗಕ್ಕೆ ಸೇರಿದ ರಾಮ್, ಟ್ರಕ್ ಸರಣಿಗೆ 2026ರಿಂದ ಮರಳುವುದಾಗಿ 2025ರ ಜೂನ್‌ನಲ್ಲಿ ಘೋಷಿಸಿತು.

ಇಂದು ಹೀಗಾದರೆ ಏನಾದೀತು ಎಂದು ಕೇಳುವವರಿಗೆ ನಾನು ಎಂಜಿನ್ ಕಟ್ಟುವವರು ಯಾರೆಂದು ನೋಡಿ ಎನ್ನುತ್ತೇನೆ. 2022ರಲ್ಲಿ ಬಂದ ಹೊಸ ಕಾರಿನ ಚಾಸಿ (ಕಾರಿನ ಚೌಕಟ್ಟು) ಮತ್ತು ಬಹುಪಾಲು ಬಿಡಿಭಾಗಗಳನ್ನು ಎಲ್ಲ ತಂಡಗಳೂ ನಿಗದಿತ ಪೂರೈಕೆದಾರರಿಂದಲೇ ಕೊಳ್ಳುವುದರಿಂದ ಆ ಮಟ್ಟಿಗೆ ಅವಲಂಬನೆ ಕಡಿಮೆಯಾಗಿದೆ. ಎಂಜಿನ್ನಿನ ವಿಷಯದಲ್ಲಿ ಹಾಗಲ್ಲ. ಷೆವರ್ಲೆ ಎಂಜಿನ್ನುಗಳನ್ನು ಹೆಂಡ್ರಿಕ್ ತಂಡ ಮತ್ತು ಇಸಿಆರ್ ಕಟ್ಟುತ್ತವೆ, ಫೋರ್ಡ್‌ನವನ್ನು ರೌಷ್ ಯೇಟ್ಸ್ ಕಟ್ಟುತ್ತದೆ. ಆ ಕಂಪನಿಗಳು ನೆರವನ್ನು ತಗ್ಗಿಸಿದರೂ ಯಂತ್ರಗಳು, ಕುಶಲಕರ್ಮಿಗಳು ಮತ್ತು ಕಟ್ಟಡ ಅಲ್ಲೇ ಉಳಿಯುತ್ತವೆ, ಹೆಚ್ಚಿನ ಖರ್ಚಿನಲ್ಲಾದರೂ ಕೆಲಸ ಸಾಗುತ್ತದೆ. ಟೊಯೋಟಾ ತಂಡಗಳಿಗೆ ಎಂಜಿನ್ ಕೊಡುವ ಟಿಆರ್‌ಡಿ ಮಾತ್ರ ಟೊಯೋಟಾದ್ದೇ ಅಂಗ. ಆ ಕಂಪನಿ ಹೊರನಡೆದರೆ ಎಂಜಿನ್ ಕಾರ್ಯಾಗಾರವೂ ಅದರೊಂದಿಗೇ ಹೋಗುತ್ತದೆ, ಆಗ ಜೋ ಗಿಬ್ಸ್ ಅವರಂಥ ದೊಡ್ಡ ತಂಡಕ್ಕೆ ಇನ್ನೊಂದು ಕಂಪನಿ ಬಾಗಿಲು ತೆರೆಯಬಹುದು, ಅದರ ಜೊತೆಗಿರುವ ಚಿಕ್ಕ ತಂಡ ಮಾತ್ರ ಎಂಜಿನ್ನಿಗಾಗಿ ಸಾಲಿನ ಕೊನೆಯಲ್ಲಿ ನಿಲ್ಲಬೇಕಾಗುತ್ತದೆ.