ಬೆಲೆ ತೆರದ ಮಂತ್ರ

ಈ ವಾರ ಓದಿ ಮುಗಿಸಿದ ಮಾಂತ್ರಿಕ ಕಾದಂಬರಿಯ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಕೆಟ್ಟ ಪುಸ್ತಕವಾಗಿದ್ದರೆ ಐವತ್ತನೆಯ ಪುಟದಲ್ಲೇ ಮುಚ್ಚಿಡುತ್ತಿದ್ದೆ. ಮುಕ್ಕಾಲು ಭಾಗ ಚೆನ್ನಾಗಿದ್ದು ಕೊನೆಯಲ್ಲಿ ಕೈಕೊಟ್ಟದ್ದರಿಂದಲೇ ಇಷ್ಟು ಬೇಸರ.

ಆ ಕಥೆಯ ಲೋಕದಲ್ಲಿ ಒಂದೊಂದು ಮಂತ್ರಕ್ಕೂ ಒಂದೊಂದು ನೆನಪನ್ನು ತೆರಬೇಕು. ಹದಿನಾರರ ನಾಯಕಿ ಕಾಡಿನಲ್ಲಿ ಚಳಿ ತಾಳಲಾರದೆ ಮೊದಲ ಸಲ ಮಂತ್ರದಿಂದ ಬೆಂಕಿ ಹೊತ್ತಿಸಿದಾಗ, ತಾಯಿ ಹಾಡುತ್ತಿದ್ದ ಜೋಗುಳದ ಧಾಟಿ ಅವಳಿಂದ ಅಳಿಸಿಹೋಗುತ್ತದೆ. ಸಾಲುಗಳೆಲ್ಲ ನೆನಪಿವೆ, ಧಾಟಿ ಮಾತ್ರ ಗಂಟಲಿಗೆ ಬಾರದು. ಬೆಂಕಿಯ ಮುಂದೆ ಕುಳಿತು ಅವಳು ಆ ಸಾಲುಗಳನ್ನು ರಾಗವಿಲ್ಲದೆ ಹೇಳಿಕೊಳ್ಳುವ ಪುಟವನ್ನು ಓದಿ ಈ ಲೇಖಕಿಯನ್ನು ನಂಬಬಹುದು ಅಂದುಕೊಂಡೆ.

ಕೊನೆಯ ಯುದ್ಧದಲ್ಲಿ ತಮ್ಮ ಸಾಯುತ್ತಾನೆ, ನಾಯಕಿ ಅವನನ್ನು ಬದುಕಿಸುತ್ತಾಳೆ, ಅವಳಿಂದ ಏನೂ ಕಳೆದುಹೋಗುವುದಿಲ್ಲ. ಪ್ರೀತಿಯಿಂದ ಹುಟ್ಟಿದ ಮಂತ್ರಕ್ಕೆ ಬೆಲೆಯಿಲ್ಲ ಎಂದು ಗುರು ವಿವರಿಸುತ್ತಾನೆ. ಅಂಥ ವಿನಾಯಿತಿಯ ಸುಳಿವು ಅಲ್ಲಿಯವರೆಗೆ ಎಲ್ಲಿಯೂ ಇರಲಿಲ್ಲ. ಒಂದು ಬೆಂಕಿಗೆ ಜೋಗುಳವನ್ನೇ ತೆತ್ತವಳು ಒಂದು ಜೀವಕ್ಕೆ ಏನನ್ನೂ ತೆರಲಿಲ್ಲ.

ಪುಸ್ತಕ ಕೊಟ್ಟ ಅಕ್ಕನ ಮಗಳಿಗೆ ಇದನ್ನೇ ಹೇಳಿದೆ.

"ಚಿಕ್ಕಮ್ಮ, ಅದು ಮಾಯಾಲೋಕ ಅಲ್ವಾ? ಅಲ್ಲಿ ಏನು ಬೇಕಾದರೂ ಆಗಬಹುದು."

"ಏನು ಬೇಕಾದರೂ ಆಗುವುದಾದರೆ ಅವಳು ಅಷ್ಟು ಪುಟ ಅತ್ತದ್ದು ಯಾಕೆ?"

"ಹಾಗಾದರೆ ತಮ್ಮ ಸಾಯಬೇಕಿತ್ತಾ?"

ಯಾರು ಬದುಕುತ್ತಾರೆಂದು ಕೊನೆಯ ಪುಟ ನೋಡಿಕೊಂಡೇ ಓದಲು ಕೂರುವ ಮೃದು ಮನಸ್ಸಿನ ಹುಡುಗಿ ಅವಳು. ಆದರೂ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅವನು ಸಾಯಬೇಕಿರಲಿಲ್ಲ. ಬದುಕಿ, ಎದ್ದು ಕುಳಿತು, ಅಕ್ಕಾ ಎಂದು ಕರೆಯಬೇಕಿತ್ತು. ಅವಳು ಅವನ ಗುರುತು ಸಿಗದೆ, ನೀನು ಯಾರ ಮಗ ಎಂದು ಕೇಳಬೇಕಿತ್ತು. ಲೇಖಕಿ ತಾನೇ ಹಾಕಿಕೊಂಡ ನಿಯಮ ಕೇಳುತ್ತಿದ್ದದ್ದು ಅದನ್ನೇ. ಮರುದಿನ ಹಾಗೆಂದಾಗ ಅಕ್ಕನ ಮಗಳು, "ಅದು ಸಾವಿಗಿಂತ ಕ್ರೂರ" ಎಂದಳು. ನನಗೂ ಹಾಗೆಯೇ ಅನ್ನಿಸುತ್ತದೆ; ಬಹುಶಃ ಲೇಖಕಿಗೂ ಹಾಗೆಯೇ ಅನ್ನಿಸಿ ಹಿಂಜರಿದಿರಬೇಕು.

ಹದಿಹರೆಯದವರ ಪುಸ್ತಕಕ್ಕೆ ಇಷ್ಟು ಬಿಗಿ ಬೇಕೇ ಎನ್ನುವವರಿದ್ದಾರೆ. ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್ 1968ರಲ್ಲಿ ಪ್ರಕಟಿಸಿದ, ಅರ್ಥ್‌ಸೀ ಎಂಬ ದ್ವೀಪಗಳ ಮಾಯಾಲೋಕದ ಮೊದಲ ಕಾದಂಬರಿಯನ್ನು ಬರೆದದ್ದು ಆ ವಯಸ್ಸಿನವರಿಗೇ. ಅಲ್ಲಿ ಒಂದು ಕಲ್ಲನ್ನು ನಿಜವಾಗಿ ರತ್ನವಾಗಿಸಿದರೂ ಇಡೀ ಜಗತ್ತು ಬದಲಾಗುತ್ತದೆಂದು ಗುರು ಎಚ್ಚರಿಸುತ್ತಾನೆ. ಒಂದು ದ್ವೀಪದಲ್ಲಿ ತರಿಸಿದ ಮಳೆ ಇನ್ನೊಂದರಲ್ಲಿ ಬರವಾಗಬಹುದು. ಸೊಕ್ಕಿನಿಂದ ಸತ್ತವರ ಆತ್ಮವನ್ನು ಕರೆದ ಹುಡುಗನ ಮುಖದ ಮೇಲೆ ಗಾಯದ ಗುರುತು ಉಳಿದೇಬಿಡುತ್ತದೆ. ಓದುಗರಿಗೆ ಮಂತ್ರ ಎಷ್ಟರಮಟ್ಟಿಗೆ ಅರ್ಥವಾಗಿದೆಯೋ ಅಷ್ಟರಮಟ್ಟಿಗೆ ಮಾತ್ರ ಅದರಿಂದ ಕಥೆಯ ಬಿಕ್ಕಟ್ಟನ್ನು ತೃಪ್ತಿಕರವಾಗಿ ಬಿಡಿಸಲು ಸಾಧ್ಯ ಎಂಬರ್ಥದ ಮಾತನ್ನು ಮಾಂತ್ರಿಕ ಕಾದಂಬರಿಗಳ ಲೇಖಕ ಬ್ರಾಂಡನ್ ಸ್ಯಾಂಡರ್ಸನ್ 2007ರ ಪ್ರಬಂಧವೊಂದರಲ್ಲಿ ಬರೆದಿದ್ದಾರೆ. ಅವರ ಕಾದಂಬರಿಗಳಲ್ಲಿ ನಿಯಮಗಳ ವಿವರಣೆ ನನಗೆ ಕೆಲವೊಮ್ಮೆ ಅತಿಯೆನಿಸುತ್ತದೆ, ಆದರೆ ಈ ಮಾತಿನಲ್ಲಿ ತಪ್ಪು ಕಾಣಿಸುವುದಿಲ್ಲ.

ಎರಡನೆಯ ಭಾಗವೂ ಬರಲಿದೆಯಂತೆ. ಅಕ್ಕನ ಮಗಳು ಕಾಯುತ್ತಿದ್ದಾಳೆ. ಗುರುವಿನ ಆ ಒಂದು ವಾಕ್ಯ ಸದಾ ಕೈಗೆ ಸಿಗುವಂತಿರುವಾಗ ನಾಯಕಿಗೆ ಯಾವ ಅಪಾಯ ಎದುರಾದರೂ ನನಗೆ ಭಯವಾಗಲಾರದು, ಹಾಗಾಗಿ ನಾನು ಓದುವುದಿಲ್ಲವೆಂದು ಅವಳಿಗೆ ಹೇಳಿದ್ದೇನೆ.