ಸಿಹಿ ಮಾವಿನ ಗೊರಟಿನಿಂದ ಹುಳಿ ಮಾವು ಯಾಕೆ ಹುಟ್ಟುತ್ತದೆ?

ಮಂಗಳೂರಿನಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುವ ನನಗೆ ಪ್ರತಿ ವರ್ಷ ಮಳೆಗಾಲದ ಆರಂಭದಲ್ಲಿ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ. ಕೇಳುವವರು ವಿದ್ಯಾರ್ಥಿಗಳಷ್ಟೇ ಅಲ್ಲ, ನೆರೆಮನೆಯವರು, ಮದುವೆ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತವರೂ ಹೌದು. "ಅಜ್ಜಿಮನೆಯಲ್ಲಿ ಒಂದು ಕಾಟು (ಕಾಡು) ಮಾವಿನ ಮರವಿತ್ತು, ಹಣ್ಣು ಸಕ್ಕರೆಯ ಹಾಗೆ. ಅದರದೇ ಗೊರಟು ತಂದು ನೆಟ್ಟು ಎಂಟು ವರ್ಷ ಕಾದೆವು. ಬಂದದ್ದು ಬರೀ ನಾರಿನ ಹುಳಿಹಣ್ಣು. ನಮ್ಮ ಜಾಗದ ಮಣ್ಣು ಸರಿಯಿಲ್ಲವೋ ಏನೋ, ಸರ್?"

ಮಣ್ಣನ್ನು ದೂರಿ ಪ್ರಯೋಜನವಿಲ್ಲ ಎಂದು ನಾನು ಹೇಳುತ್ತೇನೆ. ಮಣ್ಣು, ಮಳೆ, ಬಿಸಿಲುಗಳಿಂದ ಹಣ್ಣಿನ ಗಾತ್ರದಲ್ಲೂ ಸ್ವಾದದಲ್ಲೂ ಒಂದಿಷ್ಟು ಹೆಚ್ಚುಕಡಿಮೆ ಆಗುವುದು ನಿಜವೇ ಆದರೂ ತಳಿಯ ಗುಣವೇ ಬದಲಾಗುವುದಿಲ್ಲ. ತಪ್ಪು ನಮ್ಮ ನಿರೀಕ್ಷೆಯಲ್ಲಿದೆ. ಮಾವಿನಹಣ್ಣಿನ ತಿರುಳು ಹೂವಿನ ಅಂಡಾಶಯದ ಗೋಡೆ ಬೆಳೆದು ಆದದ್ದು, ಅಂದರೆ ಅದರ ಪ್ರತಿಯೊಂದು ಜೀವಕೋಶವೂ ತಾಯಿಮರದ್ದೇ. ಗೊರಟಿನ ಒಳಗೆ ಮಲಗಿರುವ ಭ್ರೂಣವಾದರೋ ಅಂಡಾಣುವೂ ಪರಾಗದ ಗಂಡು ಕೋಶವೂ ಕೂಡಿ ಹುಟ್ಟಿದ ಹೊಸ ಜೀವಿ. ನಾವು ಚಪ್ಪರಿಸುವುದು ತಾಯಿಯನ್ನು, ನೆಡುವುದು ಮಗುವನ್ನು. ಆ ಮಗುವಿನ ತಂದೆ ಯಾರೆಂದು ಹೇಳುವುದೂ ಸುಲಭವಲ್ಲ, ಏಕೆಂದರೆ ಮಾವಿನ ಹೂಗೊಂಚಲಿಗೆ ಪರಾಗ ಹೊತ್ತು ತರುವುದು ಹೆಚ್ಚಾಗಿ ನೊಣಗಳಂಥ ಕೀಟಗಳು, ಅವು ಯಾವ ಹಿತ್ತಿಲಿನ ಯಾವ ಮರದಿಂದ ಬಂದವು ಎಂದು ಲೆಕ್ಕ ಇಟ್ಟವರಿಲ್ಲ.

ತಂದೆ ಯಾರೆಂದು ಗೊತ್ತಿದ್ದರೂ ಫಲ ಹೀಗೆಯೇ ಎಂದು ಮುಂಚಿತವಾಗಿ ಹೇಳಲಾಗುವುದಿಲ್ಲ. ಮಾವಿನ ಸಾಮಾನ್ಯ ಜೀವಕೋಶದಲ್ಲಿ ಜೀನುಗಳನ್ನು ಹೊತ್ತ 40 ವರ್ಣತಂತುಗಳು (ಕ್ರೋಮೊಸೋಮ್), ಎಂದರೆ 20 ಜೋಡಿಗಳಿವೆ. ಅಂಡಾಣು ಮತ್ತು ಪರಾಗ ತಯಾರಾಗುವಾಗ ನಡೆಯುವ ಮಿಯಾಸಿಸ್ ವಿಭಜನೆಯಲ್ಲಿ ಪ್ರತಿ ಜೋಡಿಯಿಂದ ಒಂದೊಂದೇ ವರ್ಣತಂತು ಆಯ್ಕೆಯಾಗುತ್ತದೆ, ಯಾವುದು ಎಂಬುದು ನಾಣ್ಯ ಚಿಮ್ಮಿದ ಹಾಗೆ. ಇಪ್ಪತ್ತು ನಾಣ್ಯಗಳನ್ನು ಒಟ್ಟಿಗೆ ಚಿಮ್ಮಿದರೆ 10,48,576 ಬಗೆಯ ಫಲಿತಾಂಶಗಳು ಸಾಧ್ಯ. ತಾಯಿಯ ಕಡೆಯಿಂದಲೂ ಅಷ್ಟು, ತಂದೆಯ ಕಡೆಯಿಂದಲೂ ಅಷ್ಟು, ಎರಡನ್ನೂ ಗುಣಿಸಿದರೆ ಒಂದು ಲಕ್ಷ ಕೋಟಿಯನ್ನು ದಾಟುತ್ತದೆ. ಜೋಡಿಯ ವರ್ಣತಂತುಗಳು ಬೇರೆಯಾಗುವ ಮೊದಲು ಪರಸ್ಪರ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುವ ಕ್ರಾಸಿಂಗ್ ಓವರ್ ಅನ್ನು ಈ ಲೆಕ್ಕದಲ್ಲಿ ಸೇರಿಸಿಯೇ ಇಲ್ಲ. ಅಜ್ಜಿಮನೆಯ ಮರದಲ್ಲಿ ಒಟ್ಟಿಗೆ ಬಿದ್ದು ಸಿಹಿಯನ್ನು ಕೊಟ್ಟ ಜೀನುಗಳ ಕೂಟ ಮತ್ತೊಮ್ಮೆ ಹಾಗೆಯೇ ಬಿದ್ದೀತೆಂದು ಕಾಯುವುದು ಅತಿಯಾಸೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು 1970ರ ದಶಕದಲ್ಲಿ ಹೊರತಂದ ಮಲ್ಲಿಕಾ ಮತ್ತು ಆಮ್ರಪಾಲಿ ಎರಡೂ ನೀಲಂ ಹಾಗೂ ದಶೇರಿ ತಳಿಗಳ ಮಕ್ಕಳೇ. ಮಲ್ಲಿಕಾದಲ್ಲಿ ತಾಯಿ ನೀಲಂ, ಆಮ್ರಪಾಲಿಯಲ್ಲಿ ತಾಯಿ ದಶೇರಿ, ಅಷ್ಟೇ ವ್ಯತ್ಯಾಸ. ಆದರೂ ಮಲ್ಲಿಕಾದ್ದು ದೊಡ್ಡ ಹಣ್ಣು, ಆಮ್ರಪಾಲಿಯದ್ದು ಗಿಡ್ಡ ಮರ, ಚಿಕ್ಕ ಹಣ್ಣು.

ಇಷ್ಟು ಹೇಳುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಯಾರಾದರೂ ಎದ್ದು ನಿಂತು, ಆನುವಂಶೀಯತೆಯ ನಿಯಮಗಳನ್ನು ಕಂಡುಕೊಂಡ ಮೆಂಡೆಲ್‌ನ ಬಟಾಣಿ ಬೀಜದಿಂದ ಅದೇ ಥರದ ಬಟಾಣಿ ಬಂತಲ್ಲ ಎಂದು ಕೇಳುವುದುಂಟು. ಒಳ್ಳೆಯ ಆಕ್ಷೇಪ. ಬಟಾಣಿಯ ಹೂವಿನಲ್ಲಿ ಕೇಸರ ಮತ್ತು ಶಲಾಕೆಗಳು, ಅಂದರೆ ಗಂಡು ಮತ್ತು ಹೆಣ್ಣು ಭಾಗಗಳು, ಎಸಳುಗಳೊಳಗೆ ಮುಚ್ಚಿಕೊಂಡಿರುವುದರಿಂದ ಸಾಮಾನ್ಯವಾಗಿ ತನ್ನ ಪರಾಗವೇ ತನಗೆ ಬೀಳುತ್ತದೆ, ಹೀಗೆ ತಲೆಮಾರುಗಟ್ಟಲೆ ನಡೆದರೆ ಜೋಡಿಯ ಎರಡೂ ವರ್ಣತಂತುಗಳು ಬಹುಪಾಲು ಒಂದೇ ಆಗಿಬಿಡುತ್ತವೆ. ನಾಣ್ಯದ ಎರಡು ಮುಖವೂ ಒಂದೇ ಆದಮೇಲೆ ಹೇಗೆ ಚಿಮ್ಮಿದರೇನು? ಮೆಂಡೆಲ್ ಅಷ್ಟಕ್ಕೂ ತೃಪ್ತನಾಗದೆ 34 ಬಗೆಯ ಬಟಾಣಿಗಳನ್ನು ಎರಡು ವರ್ಷ ಪರೀಕ್ಷಿಸಿ, 22 ಬಗೆಗಳನ್ನು ಉಳಿಸಿಕೊಂಡ. ಅವನು ಮಾವನ್ನು ಆರಿಸಿಕೊಂಡಿದ್ದರೆ ಮೊಮ್ಮಕ್ಕಳ ತಲೆಮಾರಿನಲ್ಲಿ ಒಂದು ಗುಣ ಮೂರು ಪಾಲು, ಇನ್ನೊಂದು ಒಂದು ಪಾಲು ಎನ್ನುವ 3:1 ಅನುಪಾತವೇ ನಮ್ಮ ಪಠ್ಯದಲ್ಲಿ ಇರುತ್ತಿರಲಿಲ್ಲವೇನೋ.

ಹಾಗಾದರೆ ಅದೇ ಹಣ್ಣು ಬೇಕೆಂದರೆ ದಾರಿ ಕಸಿ. ಸಿಹಿಮರದ ಕಡ್ಡಿಯನ್ನು ಕಾಟು ಸಸಿಯ ಮೇಲೆ ಕೂರಿಸಿ ಕಟ್ಟಿದಾಗ ಆ ಕಡ್ಡಿ ಸಾದಾ ಕೋಶವಿಭಜನೆಯಾದ ಮೈಟಾಸಿಸ್‌ನಿಂದಷ್ಟೇ ಬೆಳೆಯುತ್ತದೆ, 40 ವರ್ಣತಂತುಗಳೂ ನಕಲಾಗಿ ಪ್ರತಿ ಹೊಸ ಕೋಶಕ್ಕೆ ಇಡಿಯಾಗಿ ಹೋಗುತ್ತವೆ, ಚೀಟಿ ಎತ್ತುವ ಕೆಲಸವೇ ಇಲ್ಲ. ಲಖನೌ ಸಮೀಪದ ದಶೇರಿ ಗ್ರಾಮದಲ್ಲಿರುವ ಮೂಲಮರದಿಂದ ದೇಶವೆಲ್ಲ ದಶೇರಿ ಹಬ್ಬಿದ್ದು ಹೀಗೆಯೇ. ಉಡುಪಿಯ ಶಂಕರಪುರ ಮಲ್ಲಿಗೆಯನ್ನು ಗೆಲ್ಲು ನೆಟ್ಟು ಬೆಳೆಸುವುದರ ಹಿಂದೆ ಇರುವುದೂ ಇದೇ ವಿಭಜನೆ. "ಕಸಿ ಗಿಡ ನಾಲ್ಕು ವರ್ಷದಲ್ಲಿ ಕಾಟಾಗಿ ತಿರುಗಿತು" ಎಂದು ದೂರುವವರಿಗೆ ನಾನು ಹೇಳುವುದು ಇಷ್ಟೇ: ಬುಡದಲ್ಲಿ ಕಸಿಯ ಗಂಟನ್ನು ಹುಡುಕಿ ನೋಡಿ. ಹೆಚ್ಚಿನ ಸಲ ಮೇಲಿನ ಕಡ್ಡಿ ಸತ್ತು, ಗಂಟಿನ ಕೆಳಗೆ ಕಾಟು ಸಸಿ ಹೊಸದಾಗಿ ಚಿಗುರಿ ಮರವಾಗಿರುತ್ತದೆ. ನಾನೇ ಒಮ್ಮೆ ಒಂದು ನರ್ಸರಿಯಿಂದ ಕಸಿಯೆಂದು ದುಡ್ಡು ಕೊಟ್ಟು ತಂದ ಗಿಡದಲ್ಲಿ ಗಂಟೇ ಇರಲಿಲ್ಲ. ಜೀವಶಾಸ್ತ್ರದ ಮೇಷ್ಟರಾಗಿ ಇದನ್ನು ಬರೆಯಲು ಸಂಕೋಚವಾಗುತ್ತದೆ.

ಇಲ್ಲಿಯವರೆಗಿನ ಮಾತಿಗೆ ನಮ್ಮ ಕರಾವಳಿಯಲ್ಲೇ ಒಂದು ಅಪವಾದ ಇದೆ. ಕಳೆದ ಜುಲೈಯಲ್ಲಿ ನಮ್ಮ ಬಾಳೆಬುಡದಲ್ಲಿ ಎಸೆದಿದ್ದ ಗೊರಟೊಂದು ಮೊಳೆತದ್ದನ್ನು ನೋಡಿದೆ. ಚಿಪ್ಪು ಬಿಡಿಸಿದಾಗ ಒಳಗೆ ಒಂದಲ್ಲ, ನಾಲ್ಕು ಮೊಳಕೆಗಳು, ಪ್ರತಿಯೊಂದಕ್ಕೂ ತನ್ನದೇ ಬೇರು, ತಾಮ್ರದ ಬಣ್ಣದ ಎಳೆ ಎಲೆಗಳು. ಇದು ಬಹುಭ್ರೂಣತೆ. ಆಪುಸಿನಂಥ ತಳಿಗಳ ಗೊರಟಿನಲ್ಲಿ ಒಂದೇ ಭ್ರೂಣವಿದ್ದರೆ, ಬಪ್ಪಕಾಯಿಯಂಥ ಪಶ್ಚಿಮ ಕರಾವಳಿಯ ಕೆಲವು ತಳಿಗಳಲ್ಲಿ ಬೀಜವಾಗಿ ಬೆಳೆಯುವ ಅಂಡಕದ ಒಳಗಿನ ನ್ಯೂಸೆಲಸ್ ಎಂಬ ತಾಯಿಯ ಅಂಗಾಂಶವೇ ಮೈಟಾಸಿಸ್‌ನಿಂದ ಹೆಚ್ಚುವರಿ ಭ್ರೂಣಗಳನ್ನು ಕಟ್ಟುತ್ತದೆ. ಅವುಗಳಿಗೆ ತಂದೆಯ ಪಾಲೇ ಇಲ್ಲ, ತಾಯಿಮರದ ಪಡಿಯಚ್ಚುಗಳು. ಆದ್ದರಿಂದ ಕೆಲವು ಮನೆಗಳಲ್ಲಿ "ನಾವು ಗೊರಟು ನೆಟ್ಟರೂ ಅದೇ ಹಣ್ಣು ಬಂತು" ಎಂದು ಹೇಳಿದರೆ ಅದನ್ನು ಸುಳ್ಳೆಂದು ತಳ್ಳಿಹಾಕಬೇಕಾಗಿಲ್ಲ.

ಹಾಗಾದರೆ ಎಲ್ಲ ಮಾವೂ ಹೀಗೆಯೇ ಪಡಿಯಚ್ಚು ಒತ್ತಬಹುದಿತ್ತಲ್ಲ, ಮಿಯಾಸಿಸ್‌ನ ಜೂಜು ಯಾಕೆ? ಒಂದೇ ಅಚ್ಚಿನ ತೋಪಿಗೆ ಹೊಸ ರೋಗವೊಂದು ಬಂದರೆ ಒಂದಕ್ಕೆ ತಗಲಿದ್ದು ಎಲ್ಲಕ್ಕೂ ತಗಲೀತು. ಬೇರೆ ಬೇರೆ ಮರಗಳಿದ್ದರೆ ಕೆಲವಾದರೂ ಉಳಿದಾವು, ಉಳಿದವುಗಳ ಗೊರಟುಗಳೇ ಮುಂದಿನ ತಲೆಮಾರು. ಪ್ರಕೃತಿಯ ಆಯ್ಕೆಗೆ ಮೊದಲು ಆಯ್ದುಕೊಳ್ಳಲು ವೈವಿಧ್ಯ ಬೇಕು. ಅಗತ್ಯ ಬಿದ್ದಾಗ ಮರ ತನ್ನನ್ನು ತಾನೇ ಬದಲಿಸಿಕೊಳ್ಳುತ್ತದೆ ಎಂದು ಪರೀಕ್ಷೆಯಲ್ಲಿ ಬರೆಯುವ ಮಕ್ಕಳಿಗೆ ನಾನು ಅಂಕ ಕಳೆಯುವುದು ಈ ಕಾರಣಕ್ಕೆ. ಅಜ್ಜಿಮನೆಯ ಸಿಹಿಮರವೂ ಹಿಂದೆಂದೋ ಯಾರೋ ಎಸೆದ ಗೊರಟಿನಿಂದ ಹೀಗೆ ಅಕಸ್ಮಾತ್ತಾಗಿ ಹುಟ್ಟಿದ್ದೇ ಇರಬೇಕು.

ನಮ್ಮ ಬಾಳೆಬುಡದ ನಾಲ್ಕು ಸಸಿಗಳಲ್ಲಿ ಒಂದು ಪರಾಗದಿಂದ ಹುಟ್ಟಿದ್ದಾಗಿರಬಹುದು, ಡಿಎನ್ಎ ಪರೀಕ್ಷೆ ಮಾಡದೆ ಬರಿಗಣ್ಣಿಗೆ ಅದನ್ನು ಗುರುತಿಸುವುದು ಕಷ್ಟ. ನಾಲ್ಕನ್ನೂ ಬೇರೆ ಬೇರೆ ಚಟ್ಟಿಗಳಲ್ಲಿ ನೆಟ್ಟು, ಕ್ರಮಸಂಖ್ಯೆ ಬರೆದು ಇಟ್ಟಿದ್ದೇನೆ.