ಟರ್ಬೊ ಎಷ್ಟ ಬೀಳ್ತೈತ್ರಿ?

ಹೋದ ವಾರ ಗೋಕಾಕದಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟಕ್ಕೆ ಕೂತಿದ್ದೆ, ಹೋಳಿಗೆ ಇನ್ನೂ ಎಲೆಗೆ ಬಿದ್ದಿರಲಿಲ್ಲ. ಎದುರಿನ ಸಾಲಿನಿಂದ ಒಬ್ಬರು ಎದ್ದು ಬಂದರು. "ಸರ, ನನ್ನ ಗಾಡಿ ಟರ್ಬೊ ಹೋಗೈತ್ರಿ. ಎಷ್ಟ ಬೀಳ್ತೈತ್ರಿ? ಹೊಸಾದ ಹಾಕಸ್ಲೊ, ರಿಪೇರಿ ಮಾಡಸ್ಲೊ?"

ಟರ್ಬೊ ಅಂದರೆ ಇಂಜಿನ್ ಬಿಡುವ ಹೊಗೆಯ ಬಲದಿಂದ ತಿರುಗಿ, ಇಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ಕಳಿಸುವ ಫ್ಯಾನು. ಈ ಪ್ರಶ್ನೆ ನನಗೆ ತಿಂಗಳಿಗೆ ನಾಲ್ಕೈದು ಸಲ ಬರುತ್ತದೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಮೆಕ್ಯಾನಿಕ್ ಅಲ್ಲ. ಬೆಳಗಾವಿಯ ಕಾರ್ಖಾನೆಗಳ ಪ್ರದೇಶ ಉದ್ಯಮಬಾಗದಲ್ಲಿ 22 ವರ್ಷ ಗ್ರೈಂಡಿಂಗ್ ಮಷೀನ್ ಮುಂದೆ ನಿಂತವನು. ಶಾಫ್ಟ್ ಗ್ರೈಂಡ್ ಮಾಡುವುದು, ಮೈಕ್ರಾನ್ ಲೆಕ್ಕದಲ್ಲಿ ಅಳೆಯುವುದು ನನ್ನ ಕೆಲಸ. ಒಂದೇ ವರ್ಷದಲ್ಲಿ ಒಂದೇ ಕಾರಿಗೆ ಎರಡು ಸಲ ಟರ್ಬೊ ಹಾಕಿಸಿದೆ. ಅದು ನೆಂಟರಿಗೆಲ್ಲ ಗೊತ್ತಾಯಿತು, ಅಲ್ಲಿಂದ ಈ ಪ್ರಶ್ನೆ ಶುರುವಾಯಿತು. ಅಂಗಡಿಯವರ ಹತ್ತಿರ ಕಮಿಷನ್ ತಗೊಂಡು ಹೇಳ್ತಾನೆ ಎಂದು ಆಡಿಕೊಂಡವರೂ ಇದ್ದಾರೆ. ಇವತ್ತಿನವರೆಗೆ ಒಂದು ರೂಪಾಯಿ ಮುಟ್ಟಿಲ್ಲ. ಅದಕ್ಕೇ ಇಲ್ಲಿ ಯಾವ ಅಂಗಡಿಯ ಹೆಸರನ್ನೂ ಬರೆಯುವುದಿಲ್ಲ.

ನನಗೆ ಸಿಟ್ಟು ಬರುವುದು ಪ್ರಶ್ನೆ ಕೇಳುವ ರೀತಿಗೆ. "ಎಷ್ಟ ಬೀಳ್ತೈತಿ" ಎಂದೇ ಎಲ್ಲರೂ ಶುರು ಮಾಡುತ್ತಾರೆ. ಟರ್ಬೊ ಹೋಗಿದೆ ಎಂದು ಯಾರು ಹೇಳಿದರು? "ಮಿಸ್ತ್ರಿ ಅಂದಾನ್ರಿ." ಅವರಿಗೆ ಹೇಗೆ ಗೊತ್ತಾಯಿತು? "ಪಿಕಪ್ ಇಲ್ರಿ, ಕರಿ ಹೊಗಿ ಬರಾಕತ್ತೈತಿ." ಇಷ್ಟಕ್ಕೇ ಟರ್ಬೊ ಹೋಯಿತು ಎಂದರೆ ಹೇಗೆ? ಬೈಲಹೊಂಗಲದ ಒಬ್ಬ ಮಾಸ್ತರರು ಹೀಗೇ ಫೋನ್ ಮಾಡಿದ್ದರು, ಮರುದಿನವೇ ಟರ್ಬೊ ತರಿಸುವವರಿದ್ದರು. ತಡೆಯಿರಿ ಎಂದು ಹೇಳಿ, ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಪೈಪು ಬಿಚ್ಚಿಸಿದೆ. ಕ್ಲಿಪ್ಪಿನ ಕೆಳಗೆ ರಬ್ಬರ್ ಸೀಳಿತ್ತು. ಟರ್ಬೊ ಒತ್ತಿ ಕಳಿಸಿದ ಗಾಳಿ ಇಂಜಿನ್ ಮುಟ್ಟುವ ಮೊದಲೇ ಹೊರಗೆ ಹೋಗುತ್ತಿತ್ತು. ಗಾಳಿ ಕಮ್ಮಿ ಆದರೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಕಪ್ಪು ಹೊಗೆ ಬರುತ್ತದೆ, ಗಾಡಿ ಎಳೆಯುವುದಿಲ್ಲ. ಒಂದು ಪೈಪಿನಲ್ಲಿ ಕೆಲಸ ಮುಗಿಯಿತು.

ಇನ್ನೊಂದು ವಿಷಯ. ಗ್ಯಾರೇಜಿನಲ್ಲಿ ಗಾಳಿ ಪೈಪು ತೆಗೆದು, ಟರ್ಬೊ ಫ್ಯಾನನ್ನು ಬೆರಳಲ್ಲಿ ಅಲ್ಲಾಡಿಸಿ "ನೋಡ್ರಿ, ಪ್ಲೇ ಬಂದೈತಿ" ಎನ್ನುತ್ತಾರೆ. ನೋಡಿದವರು ಹೆದರುತ್ತಾರೆ. ಅಕ್ಕಪಕ್ಕಕ್ಕೆ ಸ್ವಲ್ಪ ಅಲ್ಲಾಡಲೇಬೇಕು. ಆ ಸಂದಿಯಲ್ಲಿ ಎಣ್ಣೆ ತುಂಬಿಕೊಂಡು ಶಾಫ್ಟ್ ತೇಲಬೇಕು, ಅದನ್ನು ಮಾಡಿರುವುದೇ ಹಾಗೆ. ನೀವು ನೋಡಬೇಕಾದ್ದು ಮೂರು. ಫ್ಯಾನನ್ನು ಹಿಂದೆ ಮುಂದೆ ಎಳೆದು ತಳ್ಳಿದರೆ ಕೈಗೆ ಆಟ ಸಿಗಬಾರದು. ರೆಕ್ಕೆ ಸುತ್ತಲಿನ ಗೋಡೆಗೆ ಉಜ್ಜಿದ ಗುರುತು ಇರಬಾರದು. ರೆಕ್ಕೆಯ ಅಂಚು ಕಚ್ಚಿದ ಹಾಗೆ ಇರಬಾರದು. ಇವುಗಳಲ್ಲಿ ಒಂದು ಕಂಡರೂ ಟರ್ಬೊ ಹೋಗಿದೆ ಎಂದು ನಾನೂ ಒಪ್ಪುತ್ತೇನೆ.

ಈಗ ನನ್ನ ಕಾರಿನ ಕಥೆ. 2019ರವರೆಗೆ ಕೆಲಸದ ಮೇಲೆ ನಾನು ವಾರಕ್ಕೊಮ್ಮೆ ಗೋವಾಕ್ಕೆ ಹೋಗಿ ಬರುತ್ತಿದ್ದೆ. ಬರುವಾಗ ಚೋರ್ಲಾ ಘಾಟ್ ಹತ್ತಬೇಕು. ಹತ್ತಿ ಮುಗಿಸಿ ಕಣಕುಂಬಿ ಹತ್ತಿರ ಒಂದು ಚಹಾ ಅಂಗಡಿ. ಗಾಡಿ ನಿಲ್ಲಿಸಿ, ಕೀಲಿ ತಿರುವಿ, ಇಳಿದುಬಿಡುತ್ತಿದ್ದೆ. ವರ್ಷಗಟ್ಟಲೆ ಹೀಗೇ ಮಾಡಿದೆ. ಆ ವರ್ಷ ಟರ್ಬೊ ಸೀಟಿ ಹೊಡೆಯಲು ಶುರುವಾಯಿತು. ಆಮೇಲೆ ನೀಲಿ ಹೊಗೆ. ಒಂದು ಗ್ಯಾರೇಜಿಗೆ ಬಿಟ್ಟೆ. ಹಳೆಯದು ಬಿಚ್ಚಿ ಹೊಸದು ಹಾಕಿ ಕೊಟ್ಟರು. 28,000 ರೂಪಾಯಿ. ಕಂಪನಿ ಡಬ್ಬಿಯಲ್ಲಿ ಬಂದ ಅಸಲಿ ಮಾಲು, ನಾನೇ ನಿಂತು ನೋಡಿದ್ದೆ.

ಅದು 23 ದಿನ ಬಾಳಿತು.

ಡಿಸೆಂಬರ್ ತಿಂಗಳು, ಅವ್ವ ಮತ್ತು ಹೆಂಡತಿ ಜೊತೆಗಿದ್ದರು. ಘಾಟ್ ಹತ್ತುವಾಗಲೇ ಸದ್ದು ಬೇರೆಯಾಗಿತ್ತು. ಕಣಕುಂಬಿ ಹತ್ತಿರ ಬರುವಾಗ ಹಿಂದೆ ರಸ್ತೆಯೇ ಕಾಣದಷ್ಟು ಹೊಗೆ. ಬದಿಗೆ ಹಾಕಿ ಕೀಲಿ ತಿರುವಿದೆ. ಇಂಜಿನ್ ನಿಲ್ಲಲಿಲ್ಲ. ಕೀಲಿಯನ್ನೇ ತೆಗೆದೆ. ಕೀಲಿ ನನ್ನ ಕೈಯಲ್ಲಿದೆ, ಇಂಜಿನ್ ಇನ್ನೂ ಜೋರಾಗಿ ಕಿರುಚುತ್ತಿದೆ. ಅವ್ವ ಮಲಪ್ರಭೆ ತಾಯಿಯನ್ನು ಕರೆಯಲು ಶುರು ಮಾಡಿದರು. ಇಬ್ಬರನ್ನೂ ಇಳಿಸಿ ದೂರ ನಿಲ್ಲಿಸಿದೆ. ಅಷ್ಟರಲ್ಲಿ ಎದುರಿನಿಂದ ಬಂದ ಲಾರಿಯ ಡ್ರೈವರ್ ಇಳಿದು ಓಡಿ ಬಂದ. "ಟಾಪ್ ಗೇರ್ ಹಾಕ್ರಿ ಅಣ್ಣಾ! ಬ್ರೇಕ್ ಗಟ್ಟಿ ಒತ್ತಿ ಕ್ಲಚ್ ಬಿಡ್ರಿ!" ಹಾಗೇ ಮಾಡಿದೆ. ಗಾಡಿ ಒಮ್ಮೆ ಜಗ್ಗಿ ನಿಂತಿತು. ಆ ಮನುಷ್ಯನ ಹೆಸರು ಕೇಳಲೂ ಆಗಲಿಲ್ಲ, ನನ್ನ ಕೈ ನಡುಗುತ್ತಿತ್ತು.

ಆಗಿದ್ದು ಇಷ್ಟು. ಟರ್ಬೊ ಒಡೆದು ಇಂಜಿನ್ ಆಯಿಲ್ ಗಾಳಿ ದಾರಿಗೆ ಸುರಿದಿತ್ತು. ಡೀಸೆಲ್ ಇಂಜಿನ್‌ಗೆ ಸ್ಪಾರ್ಕ್ ಬೇಡ, ಒತ್ತಡದ ಬಿಸಿ ಸಾಕು. ಕೀಲಿ ತಿರುವಿದರೆ ನಿಲ್ಲುವುದು ಡೀಸೆಲ್ ಮಾತ್ರ. ಆಯಿಲ್ ಮುಗಿಯುವವರೆಗೆ ಅದು ತನ್ನ ಆಯಿಲ್ಲನ್ನೇ ಉರಿಸಿಕೊಂಡು ಓಡುತ್ತದೆ. ಟರ್ಬೊ ಹೋಗಿದೆ ಎಂದು ಗೊತ್ತಿದ್ದೂ "ಇನ್ನೊಂದ್ ತಿಂಗಳ ಓಡಸ್ತೇನ್ರಿ" ಎನ್ನುವವರು ಈ ಪ್ಯಾರಾ ಇನ್ನೊಮ್ಮೆ ಓದಿ.

ಗಾಡಿಯನ್ನು ಬೆಳಗಾವಿಗೆ ಎಳೆಸಿಕೊಂಡು ಬಂದು ಒಬ್ಬ ಹಿರಿಯ ಮಿಸ್ತ್ರಿಗೆ ತೋರಿಸಿದೆ. ಅವರು ಟರ್ಬೊ ಕಡೆ ಮೊದಲು ನೋಡಲೇ ಇಲ್ಲ. ಟರ್ಬೊಗೆ ಆಯಿಲ್ ಒಯ್ಯುವ ಸಣ್ಣ ಪೈಪು ಬಿಚ್ಚಿದರು. ನೆಲದ ಮೇಲೆ ಪೇಪರ್ ಹಾಸಿ ಅದರ ಮೇಲೆ ಪೈಪು ಕುಟ್ಟಿದರು. ಚಹಾಪುಡಿಯಂಥ ಕರಿ ಚೂರುಗಳು ಉದುರಿದವು. ಪೈಪನ್ನು ಹಿಡಿದಿಡುವ, ಒಳಗಿಂದ ಎಣ್ಣೆ ಹರಿಯುವ ಬ್ಯಾಂಜೊ ಬೋಲ್ಟಿನ ತೂತಿನಲ್ಲಿ ಸೂಜಿ ಹೋಗಲೂ ಜಾಗವಿರಲಿಲ್ಲ. "ನೋಡ್ರಿ, ನಿಮ್ಮ ಹೊಸಾ ಟರ್ಬೊ ಎಣ್ಣಿ ಇಲ್ಲದ ಸತ್ತೈತಿ. ಹಳೇದೂ ಹಿಂಗ ಸತ್ತಿತ್ತು" ಎಂದರು.

ಗ್ರೈಂಡಿಂಗ್ ಕೆಲಸದವನಾಗಿ ನನಗೆ ಅಲ್ಲೇ ಎಲ್ಲ ಅರ್ಥವಾಯಿತು. ಸಣ್ಣ ಕಾರಿನ ಟರ್ಬೊ ಪೂರ್ತಿ ಎಳೆಯುವಾಗ ನಿಮಿಷಕ್ಕೆ 2 ಲಕ್ಷ ಸುತ್ತಿನವರೆಗೂ ಹೋಗುತ್ತದೆ. ಅಂದರೆ ಸೆಕೆಂಡಿಗೆ 3,300ರ ಹತ್ತಿರ. ಒಂದು ಬದಿಗೆ ನೂರಾರು ಡಿಗ್ರಿ ಬಿಸಿಯ ಹೊಗೆ, ಇನ್ನೊಂದು ಬದಿಗೆ ಹೊರಗಿನ ಗಾಳಿ. ನಡುವೆ ಪೆನ್ಸಿಲ್ಲಿಗಿಂತ ದಪ್ಪವಲ್ಲದ ಶಾಫ್ಟ್. ಅದನ್ನು ಕಾಯುವುದು ಕೂದಲಿಗಿಂತ ತೆಳುವಾದ ಎಣ್ಣೆಯ ಪೊರೆ. ಘಾಟ್ ಹತ್ತಿದ ಕೂಡಲೇ ಇಂಜಿನ್ ಆಫ್ ಮಾಡಿದರೆ ಎಣ್ಣೆ ಹರಿಯುವುದು ನಿಲ್ಲುತ್ತದೆ, ಬಿಸಿ ಮಾತ್ರ ಉಳಿಯುತ್ತದೆ. ಒಳಗೆ ನಿಂತ ಎಣ್ಣೆ ಸುಟ್ಟು ಕರಕಲಾಗುತ್ತದೆ. ಆ ಕರಕಲು ನಾನೇ ತುಂಬಿಸಿದ್ದು. ಆಯಿಲ್ ಬದಲಿಸುವುದನ್ನು ಮುಂದೂಡಿದವನೂ ನಾನೇ. ಆದರೆ ಹೊಸ ಟರ್ಬೊ ಹಾಕುವಾಗ ಆ ಪೈಪು ಬಿಚ್ಚಿ ನೋಡದೇ ಬಿಟ್ಟ ಗ್ಯಾರೇಜನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಅದಕ್ಕೇ ಹೇಳುವುದು. ಹೊಸದೋ ರಿಪೇರಿಯೋ ಎಂದು ಆಮೇಲೆ ಕೇಳಿ. "ಹಳೇದು ಯಾಕ ಹೋತ್ರಿ?" ಎಂದು ಇಷ್ಟು ವರ್ಷದಲ್ಲಿ ಒಬ್ಬರಾದರೂ ಕೇಳಬಾರದಿತ್ತೇ? ಹಾಗೆ ಕೇಳಿದರೆ ನಾನು ಊಟ ಬಿಟ್ಟು ಎದ್ದು ಬಂದು ಹೇಳುತ್ತೇನೆ. ಏರ್ ಫಿಲ್ಟರ್ ಡಬ್ಬಿ ಸರಿಯಾಗಿ ಕೂತಿದೆಯೇ? ನಮ್ಮ ಕಡೆ ಕಬ್ಬಿನ ಹಂಗಾಮಿನಲ್ಲಿ ರಸ್ತೆ ತುಂಬ ಧೂಳು, ಸಂದಿ ಇದ್ದರೆ ಧೂಳು ನೇರ ರೆಕ್ಕೆಗೆ ಹೊಡೆಯುತ್ತದೆ. ಇಂಜಿನ್ ಒಳಗಿನ ಗಾಳಿ ಹೊರಗೆ ಬಿಡುವ ಬ್ರೀದರ್ ಪೈಪು ಕಟ್ಟಿದೆಯೇ? ಅದು ಕಟ್ಟಿದರೆ, ಇಲ್ಲವೇ ಪಿಸ್ಟನ್ ರಿಂಗ್ ಸವೆದಿದ್ದರೆ, ಇಂಜಿನ್ ಒಳಗೆ ಒತ್ತಡ ಏರುತ್ತದೆ. ಆಗ ಟರ್ಬೊದಿಂದ ಕೆಳಗೆ ಇಳಿಯಬೇಕಾದ ಎಣ್ಣೆ ಇಳಿಯುವುದಿಲ್ಲ, ಸೀಲ್ ದಾಟಿ ಬರುತ್ತದೆ. ಟರ್ಬೊ ಸೀಲ್ ರಬ್ಬರ್ ಅಲ್ಲ, ಸಣ್ಣ ಲೋಹದ ರಿಂಗು. ಅಂಥ ಗಾಡಿಗೆ ಎಷ್ಟು ಟರ್ಬೊ ಬದಲಿಸಿದರೂ ಎಣ್ಣೆ ಬರುತ್ತಲೇ ಇರುತ್ತದೆ.

ಕಾರಣ ಸಿಕ್ಕ ಮೇಲೆ ಉಳಿದ ಉತ್ತರ ಸುಲಭ. ರೆಕ್ಕೆ ಮುರಿದಿಲ್ಲ, ಹೊರಗಿನ ಹೌಸಿಂಗ್ ಚೆನ್ನಾಗಿದೆ, ಬೇರಿಂಗ್ ಮಾತ್ರ ಹೋಗಿದೆ ಎಂದರೆ ನಡುವಿನ ಕೋರ್, ಅಂದರೆ ಶಾಫ್ಟ್, ಬೇರಿಂಗ್, ಚಕ್ರಗಳು ಕೂಡಿದ ಭಾಗ, ಬದಲಿಸಿದರೆ ಸಾಕು. ನಾನು ಎರಡನೇ ಸಲ ಮಾಡಿಸಿದ್ದು ಅದನ್ನೇ, ಮೊದಲು ತೆಗೆದಿಟ್ಟಿದ್ದ ಹಳೇ ಟರ್ಬೊಗೆ. ಖರ್ಚು ಅರ್ಧಕ್ಕಿಂತ ಕಮ್ಮಿ ಆಯಿತು, ಇನ್ನೂ ಓಡುತ್ತಿದೆ. ಆದರೆ ಕೋರ್ ಅನ್ನು ಬ್ಯಾಲೆನ್ಸಿಂಗ್ ಮಷೀನಿನಲ್ಲಿ ಓಡಿಸಿದ ರಿಪೋರ್ಟ್ ಕೇಳಿ ತಗೊಳ್ಳಿ. ಅದು ಇಲ್ಲದಿದ್ದರೆ ಬೇಡ. ವಿಜಿಟಿ ಟರ್ಬೊ ಆದರೆ, ಅಂದರೆ ಒಳಗೆ ತಿರುಗುವ ಸಣ್ಣ ಎಲೆಗಳಿರುವ ಜಾತಿ, ಆ ಎಲೆಗಳನ್ನು ತಿರುಗಿಸುವ ಆಕ್ಚುವೇಟರ್ ಸೆಟ್ಟಿಂಗ್ ಮಾಡಲು ಬೇರೆಯೇ ಮಷೀನ್ ಬೇಕು. ಅದು ಇಲ್ಲದ ಅಂಗಡಿಗೆ ವಿಜಿಟಿ ಕೊಡಬೇಡಿ. ರೆಕ್ಕೆ ಮುರಿದಿದ್ದರೆ ಪೂರ್ತಿ ಹೊಸದೇ. ಜೊತೆಗೆ ಮುರಿದ ಚೂರು ಎಲ್ಲಿ ಹೋಯಿತು ಎಂದು ಹುಡುಕಿಸಿ, ಇಂಟರ್‌ಕೂಲರ್ ಬಿಚ್ಚಿ ತೊಳೆಸಿ. ಹೆಸರಿಲ್ಲದ ಅಗ್ಗದ ಹೊಸ ಟರ್ಬೊಗಿಂತ ಸರಿಯಾಗಿ ಕೋರ್ ಬದಲಿಸಿದ ಅಸಲಿ ಟರ್ಬೊ ಎಷ್ಟೋ ಮೇಲು. ಗುಜರಿಯದ್ದು ಬೇಡವೇ ಬೇಡ.

ಉದ್ಯಮಬಾಗದ ನನ್ನ ಗೆಳೆಯರಿಗೂ ಒಂದು ಮಾತು. "ಶಾಫ್ಟ್ ಕೊಡು, ನಾವ ಮಾಡಿ ಕೊಡ್ತೇವಿ" ಎನ್ನುತ್ತೀರಿ. ನಮ್ಮ ಊರಿನವರ ಕೈಗೆ ಬಾರದ ಕೆಲಸ ಕಮ್ಮಿ, ಅದು ನನ್ನ ಹೆಮ್ಮೆಯೂ ಹೌದು. ಆದರೆ ಬಿಸಿ ಹೊಗೆಯ ಬದಿಯ ಟರ್ಬೈನ್ ಚಕ್ರ ನಿಕ್ಕಲ್ ಮಿಶ್ರಲೋಹದ್ದು, ಶಾಫ್ಟಿಗೆ ಬೆಸೆದು ಒಂದೇ ತುಂಡಾಗಿ ಬರುತ್ತದೆ. ವೆಲ್ಡ್ ತುಂಬಿಸಿ ಲೇತಿನಲ್ಲಿ ತಿರುವಿ ಹಾಕುವ ವಸ್ತು ಅದಲ್ಲ. ನಾನೇ ಮಾಡಲು ಒಪ್ಪದ ಕೆಲಸ ಅದು.

ಜೋಡಿಸುವ ದಿನ ನೀವು ಗ್ಯಾರೇಜಿನಲ್ಲಿ ಇರಿ. ಆಯಿಲ್ ಪೈಪು, ಬ್ಯಾಂಜೊ ಬೋಲ್ಟ್, ಗ್ಯಾಸ್ಕೆಟ್ ಹೊಸದು ಹಾಕಿಸಿ. ಎಣ್ಣೆ ದಾರಿಯಲ್ಲಿ ಗ್ಯಾಸ್ಕೆಟ್ ಪೇಸ್ಟ್ ಹಚ್ಚಲು ಬಿಡಬೇಡಿ, ಅದು ಒಳಗೆ ಕಿತ್ತು ಬಂದು ತೂತು ಮುಚ್ಚುತ್ತದೆ. ಇಂಜಿನ್ ಆಯಿಲ್, ಫಿಲ್ಟರ್ ಹೊಸದಾಗಬೇಕು. ಸ್ಟಾರ್ಟ್ ಮಾಡುವ ಮೊದಲು ಟರ್ಬೊ ಒಳಗೆ ಕೈಯಿಂದಲೇ ಎಣ್ಣೆ ಹಾಕಿ ತಿರುಗಿಸಬೇಕು. ಶುರುವಾದ ಮೇಲೆ ಸ್ವಲ್ಪ ಹೊತ್ತು ರೇಸ್ ಮಾಡದೆ ಬಿಡಬೇಕು. ಹಳೇ ಟರ್ಬೊ ಕೇಳಿ ಮನೆಗೆ ತನ್ನಿ.

ಈಗಲೂ ಗೋವಾದಿಂದ ಬರುವಾಗ ಕಣಕುಂಬಿಯ ಅದೇ ಅಂಗಡಿಯಲ್ಲಿ ನಿಲ್ಲುತ್ತೇನೆ. ಹೆಂಡತಿ ಇಳಿದು ಹೋಗಿ ಚಹಾ ಹೇಳುತ್ತಾಳೆ. ನಾನು ಇಂಜಿನ್ ಹಾಗೇ ಬಿಟ್ಟು ಎರಡು ನಿಮಿಷ ಒಳಗೇ ಕೂತಿರುತ್ತೇನೆ. ಅಂಗಡಿಯ ಕಾಕಾಗೂ ರೂಢಿಯಾಗಿದೆ. ಇಂಜಿನ್ ಸದ್ದು ನಿಂತ ಮೇಲೆಯೇ ಅವರು ನನ್ನ ಚಹಾ ಸೋಸುತ್ತಾರೆ.